ಎರಡೂ ಒಂದೇ ಉತ್ತರ ಕೊಟ್ಟಿವೆ

ಕೆಂಪು ಗೆರೆ ಕಾಣುತ್ತಲೇ ಇರಲಿಲ್ಲ. ನೀಲಿಯ ಕೆಳಗೆ ಎಲ್ಲೋ ಇತ್ತು, ಇರಲೇಬೇಕು, ನಕ್ಷೆಯ ಮೂಲೆಯಲ್ಲಿ ಕೆಂಪು ಅಂದರೆ ಏನು ನೀಲಿ ಅಂದರೆ ಏನು ಎಂದು ಬರೆದೇ ಇತ್ತಲ್ಲ. ಆದರೆ ಪರದೆಗೆ ಮೂಗು ತಗಲುವಷ್ಟು ಬಗ್ಗಿ ನೋಡಿದರೂ ನೀಲಿಯೊಂದೇ ಕಾಂಕ್ರೀಟಿನ ಗೋಡೆಯೊಳಕ್ಕೆ ಇಳಿಯುತ್ತ ಇಳಿಯುತ್ತ ಆಚೆ ಬದಿಯಲ್ಲಿ ಹೊರಬೀಳುತ್ತಿತ್ತು. ಏನೋ ಸರಿಯಿಲ್ಲ ಎನಿಸಿತು ಅವಳಿಗೆ. ಫ್ರಿಜ್ಜಿನ ಬಾಗಿಲು ತೆಗೆದ ಕೂಡಲೇ, ಯಾವ ಪಾತ್ರೆಯಲ್ಲಿ ಎಂದು ಗೊತ್ತಾಗುವ ಮೊದಲೇ, ಒಳಗೆ ಏನೋ ಕೆಟ್ಟಿದೆ ಎಂದು ಮೂಗಿಗೆ ತಿಳಿಯುತ್ತದಲ್ಲ, ಹಾಗೆ. ಪಕ್ಕದ ಮೇಜಿನವನು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮುರಿದು ಬಿದ್ದು, ಬೆರಳು ಹಾಕಿ ಎತ್ತಿ ನೆಕ್ಕಿಕೊಳ್ಳುತ್ತಿದ್ದ. ದಿನಾ ಇದೇ. ಇವತ್ತು ಅವಳು ಮುಖ ತಿರುಗಿಸಿಕೊಂಡಳು. ತಿರುಗಿಸಿಕೊಂಡರೆ ಕಂಡದ್ದು ತನ್ನದೇ ಲೋಟ, ಅದರ ಅಂಚಿಗೆ ಒಣಗಿದ ಕೆನೆ. ಛೀ.

ಅವಳ ಕೆಲಸ ಇಂಥದ್ದು. ಕಣಗಳನ್ನು ಲೆಕ್ಕದಲ್ಲೇ ಹಾರಿಸಿ, ಅವು ಗೋಡೆಗೋ ನೀರಿಗೋ ಸೀಸಕ್ಕೋ ಬಡಿದಾಗ ಏನಾಗುತ್ತದೆಂದು ಹೆಜ್ಜೆಹೆಜ್ಜೆಗೂ ದಾಳ ಉರುಳಿಸಿ ನೋಡುವ ಪ್ರೋಗ್ರಾಂಗಳು ಲೋಕದಲ್ಲಿ ಹಲವಿವೆ. ಅವಳ ಸಂಸ್ಥೆಯಲ್ಲಿದ್ದದ್ದು ಎರಡು. ಒಂದಕ್ಕೆ ಎಲ್ಲರೂ ಅಜ್ಜ ಎನ್ನುತ್ತಿದ್ದರು. ಅದನ್ನು ಬರೆದವರಲ್ಲಿ ಅರ್ಧ ಜನ ನಿವೃತ್ತರಾಗಿ ಉಳಿದರ್ಧ ತೀರಿಕೊಂಡಿದ್ದರು. ಇನ್ನೊಂದು ಹೊಸಬ. ಅಜ್ಜ ಸೆಂಟಿಮೀಟರಿನಲ್ಲಿ ಅಳೆದರೆ ಹೊಸಬ ಮಿಲಿಮೀಟರಿನಲ್ಲಿ. ಅಜ್ಜ ಒಂದು ಎಂದ ಶಕ್ತಿಗೆ ಹೊಸಬ ಸಾವಿರ ಎನ್ನುತ್ತಾನೆ. ಅದೇ ನ್ಯೂಟ್ರಾನಿಗೆ ಅಜ್ಜನ ಮನೆಯಲ್ಲಿ ಒಂದು ನಂಬರು, ಹೊಸಬನ ಮನೆಯಲ್ಲಿ ಮತ್ತೊಂದು. ಮೊದಲೆಲ್ಲ ಒಂದು ಕೋಣೆಯ ಗೋಡೆ, ಬಾಗಿಲು, ಯಂತ್ರಗಳನ್ನು ಇಬ್ಬರಿಗೂ ಅವರವರ ಭಾಷೆಯಲ್ಲಿ ಬೇರೆಬೇರೆ ಬರೆದುಕೊಡಬೇಕಾಗಿತ್ತು. ಬರೆಯುವವರ ಸೊಂಟ ಬಿದ್ದುಹೋಗುತ್ತಿತ್ತು. ಅವಳು ಕಟ್ಟಿದ ಇಂಟರ್‌ಫೇಸ್ ಆ ಗೋಳು ತಪ್ಪಿಸಿತು. ಕೋಣೆಯನ್ನು ಒಂದೇ ಸಲ ವರ್ಣಿಸಿ ಅದಕ್ಕೆ ಒಪ್ಪಿಸಿದರೆ ಮುಗಿಯಿತು. ಅಜ್ಜ ಎಂದು ಬರೆದರೆ ಅಜ್ಜನಿಗೆ, ಹೊಸಬ ಎಂದು ಬರೆದರೆ ಹೊಸಬನಿಗೆ, ಅವರವರ ಅಳತೆಗೆ ತಿರುಗಿಸಿ ಅದೇ ಹೇಳುತ್ತದೆ; ಅವರು ಗೊಣಗಿದ್ದನ್ನು ನಮ್ಮ ಅಳತೆಗೆ ತಿರುಗಿಸಿ ತಂದುಕೊಡುತ್ತದೆ. ಸಂಸ್ಥೆಯಲ್ಲಿ ಅವಳಿಗೆ ನಡುಮನೆ ಎಂಬ ಅಡ್ಡಹೆಸರು ಬಿದ್ದದ್ದು ಆಗಲೇ. ಎಲ್ಲರೂ ಹಾದುಹೋಗುವ ಜಾಗ, ಯಾರೂ ನಿಲ್ಲದ ಜಾಗ. ಕೇಳಿ ಹೆಮ್ಮೆಯಾಗಿತ್ತು. ಥೂ, ಅದಕ್ಕೂ ಹೆಮ್ಮೆಪಟ್ಟುಕೊಂಡಿದ್ದಳು ಪುಣ್ಯಾತ್ಗಿತ್ತಿ.

ಈ ಸಲದ ಕೋಣೆ ಲೆಕ್ಕದ ಕೋಣೆಯಲ್ಲ, ನಿಜದ್ದು. ಕ್ಯಾನ್ಸರ್ ಗಡ್ಡೆಯಾದವರಿಗೆ ಪ್ರೋಟಾನ್ ಕಿರಣ ಬಿಡುವ ಯಂತ್ರವೊಂದನ್ನು ಸಂಸ್ಥೆಯ ಹಿಂದಿನ ಜಾಗದಲ್ಲಿ ಕಟ್ಟುತ್ತಿದ್ದರು. ಕಿರಣ ಬಡಿದಲ್ಲೆಲ್ಲ ನ್ಯೂಟ್ರಾನ್ ಸಿಡಿಯುತ್ತದೆ, ಸಾಧಾರಣ ಗೋಡೆ ಅದಕ್ಕೆ ಜರಡಿ ಇದ್ದ ಹಾಗೆ. ಅದಕ್ಕೇ ಆಳುದ್ದ ದಪ್ಪದ ಕಾಂಕ್ರೀಟು. ಆ ಗೋಡೆಯ ಆಚೆಗೆ ಯಂತ್ರ ನಡೆಸುವವರು ದಿನವಿಡೀ, ವರ್ಷವಿಡೀ ಕೂತು ಕೆಲಸ ಮಾಡುವ ಕೋಣೆ. ಗೋಡೆಯ ದಪ್ಪವನ್ನು ಒಂದು ಪ್ರೋಗ್ರಾಮಿನ ಮಾತು ಕೇಳಿ ನಿರ್ಧರಿಸುವಂತಿಲ್ಲ. ಬೇರೆಬೇರೆಯವರು ಬರೆದ ಎರಡು ಪ್ರೋಗ್ರಾಂ ಒಪ್ಪಬೇಕು ಎಂಬುದು ನಿಯಮ. ಒಪ್ಪಿದ್ದವು, ಅಜ್ಜನ ಕೆಂಪು ಗೆರೆಯೂ ಹೊಸಬನ ನೀಲಿಯೂ. ಆಚೆ ಬದಿಯ ವಿಕಿರಣ ಇರಬೇಕಾದ ಮಿತಿಗಿಂತ ಕೂದಲೆಳೆಯಷ್ಟು ಕೆಳಗೆ ಇತ್ತು, ಎರಡರಲ್ಲೂ. ನಾಳೆ ಬೆಳಗ್ಗೆ ಕಾಂಕ್ರೀಟು ಸುರಿಯುವುದೆಂದು ಗೊತ್ತಾಗಿತ್ತು. ಮಧ್ಯಾಹ್ನದ ಸಭೆ ಬರೀ ತಲೆ ಆಡಿಸುವುದಕ್ಕೆ.

ಆದರೆ ಅಜ್ಜನೂ ಹೊಸಬನೂ ದಪ್ಪ ಗೋಡೆಯ ಆಚೆಗಿನ ನ್ಯೂಟ್ರಾನ್ ವಿಷಯದಲ್ಲಿ ಹೀಗೆ ಒಪ್ಪಿದ್ದು ಯಾರು ಕಂಡಿದ್ದಾರೆ? ಗೋಡೆಯ ಮೊದಲರ್ಧದಲ್ಲಿ ಜೊತೆಜೊತೆಯಾಗಿ ನಡೆದು, ಆಮೇಲೆ ಒಬ್ಬೊಬ್ಬ ಒಂದೊಂದು ದಾರಿ ಹಿಡಿದು, ಕೊನೆಗೆ ಮುಖ ನೋಡದಷ್ಟು ದೂರವಾಗಿರುತ್ತಿದ್ದರು. ಆ ಜಗಳ ಬಗೆಹರಿಸುವುದಕ್ಕೆ ಹೋಗಿ ಕೂದಲು ನೆರೆದವರಿದ್ದಾರೆ. ಈಗ ನೋಡಿದರೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ. ಅವಳು ಅಜ್ಜ ಎಂದು ಇದ್ದ ಜಾಗದಲ್ಲಿ ಅಜ್ಜ ಎಂಬುದನ್ನು ಅಳಿಸಿದಳು. ಏನು ಬರೆಯಬೇಕೆಂದು ಯೋಚಿಸಲಿಲ್ಲ. ಬೆರಳು ತಾನಾಗಿ ಎಮ್ಮೆ ಎಂದು ಬರೆಯಿತು. ಎಮ್ಮೆ ಎಂಬ ಹೆಸರಿನ ಯಾವ ಪ್ರೋಗ್ರಾಮೂ ಭೂಮಿಯ ಮೇಲೆ ಇಲ್ಲ. ಓಡು ಎಂದಳು. ಓಡಿತು.

ಅದು ಓಡುತ್ತಿರುವಾಗಲೇ ಫೋನು. ಗಂಡ. ಅವನು ಮನೆಯಿಂದಲೇ ಕೆಲಸ ಮಾಡುವವನು, ಜಾಹೀರಾತುಗಳಿಗೆ ಚಿತ್ರ ಬರೆಯುವವನು. "ನೋಡು, ಅಪ್ಪಂಗೆ ಹೇಳು, ಟೀವಿ ಸದ್ದು ಕಮ್ಮಿ ಮಾಡ್ಲಿಕ್ಕೆ. ಕಿವಿ ತೂತು ಬೀಳ್ತಾ ಇದೆ ನಂಗೆ. ಊರಿಗೆಲ್ಲ ಕೇಳಿಸ್ಬೇಕಾ ಇವರ ದರಿದ್ರ ಸುದ್ದಿ?" ಟೀವಿ ಅವನ ಬಾಗಿಲಿನಿಂದ ಮೂರು ಮಾರಿನಲ್ಲಿತ್ತು. ಅಪ್ಪ ಮಗ ಮಾತು ಬಿಟ್ಟು ಎಷ್ಟು ಕಾಲವಾಯಿತೋ, ಯಾಕೆ ಬಿಟ್ಟರೋ, ಅದು ಅವರಿಬ್ಬರಿಗೇ ಸರಿಯಾಗಿ ನೆನಪಿರಲಿಕ್ಕಿಲ್ಲ. ಅವಳು ಆ ಫೋನಿಟ್ಟು ಮಾವನಿಗೆ ಫೋನು ಹಚ್ಚಿದಳು. "ಮಾವಾ, ಊಟ ಆಯ್ತಾ? ಇವರಿಗೆ ಬೆಳಗ್ಗಿಂದ ತಲೆನೋವಂತೆ. ಮಲಗಿದ್ದಾರೇನೋ. ಟೀವಿ ಒಂಚೂರು…" ಆ ಕಡೆಯಿಂದ ಮಾವ, "ಆ ಸೋಂಬೇರಿಗೆ ತಲೆ ಇದ್ರೆ ತಾನೇ ನೋವು! ಹೇಳು ಅವನಿಗೆ, ನನ್ನ ಮನೆ ಇದು, ನನ್ನ ಟೀವಿ" ಎಂದರು. ಅವಳು ಮತ್ತೆ ಗಂಡನಿಗೆ ಫೋನು ಹಚ್ಚಿ, "ಪಾಪ, ಮಾವನಿಗೆ ಗೊತ್ತಾಗ್ಲಿಲ್ವಂತೆ ರೀ, ಮಾತ್ರೆ ತಗೊಂಡಿದ್ದಾನಾ ಅಂತ ಕೇಳಿದ್ರು" ಎಂದಳು. ಒಂದು ಉಸಿರೂ ತಡವರಿಸಲಿಲ್ಲ. ಸೆಂಟಿಮೀಟರನ್ನು ಮಿಲಿಮೀಟರು ಮಾಡುವಾಗ ಹೇಗೆ ಹತ್ತರಿಂದ ಗುಣಿಸಿ ಬಿಡುತ್ತಾಳೋ ಹಾಗೆ. ಮದುವೆಯಾದ ಹೊಸತರಲ್ಲಿ ಹೀಗೆ ಬೆಣ್ಣೆ ಸವರುವಾಗ ಎದೆ ಡವಗುಟ್ಟುತ್ತಿತ್ತು, ಸಿಕ್ಕಿಬಿದ್ದರೆ ಎಂದು. ಯಾರೂ ಹಿಡಿಯಲಿಲ್ಲ. ಅತ್ತೆ ತೀರಿಕೊಂಡಾಗ, ನೆರೆದವರ ನಡುವೆ, ಅಪ್ಪ ಮಗ ಹೆಣದ ಆಚೆ ಈಚೆ ಕೂತು ಅವಳ ಮೂಲಕವೇ ಮಾತಾಡಿಕೊಂಡಿದ್ದರು, ಯಾರಿಗೆ ಹೇಳಿಕಳಿಸಬೇಕು, ಯಾವಾಗ ಎತ್ತಬೇಕು ಎಂದು. ಬಂದವರೆಲ್ಲ ಸೊಸೆ ಎಂದರೆ ಹೀಗಿರಬೇಕು ಎಂದಿದ್ದರು. ಆ ಹೊಗಳಿಕೆಯನ್ನು ಅವಳು ಎಷ್ಟೋ ದಿನ ಮೆಲುಕು ಹಾಕಿದ್ದಳು.

ಪರದೆಯ ಮೇಲೆ ಎಮ್ಮೆಯ ಗೆರೆ ಬಂದು ಕೂತಿತ್ತು. ಮತ್ತೆ ನೀಲಿಯೊಂದೇ ಕಂಡಿತು. ಎಮ್ಮೆಯೂ ಒಪ್ಪಿತ್ತು.

ಅವಳಿಗೆ ನಗು ಬಂತು, ನಗುವಿನ ಜೊತೆಗೇ ಹುಳಿತೇಗು. ಈಗ ಎಲ್ಲ ತಿಳಿಯಿತು. ಹೊಸ ಕಂಪ್ಯೂಟರುಗಳು ಬಂದಾಗ ಅಜ್ಜನನ್ನು ಅದರೊಳಗೆ ಇಳಿಸುವುದನ್ನೇ ಮರೆತಿದ್ದಾರೆ. ಇಂಟರ್‌ಫೇಸ್ ಅಜ್ಜನನ್ನು ಕೂಗಿದೆ, ಅಜ್ಜ ಓಗೊಟ್ಟಿಲ್ಲ. ಆಗ ಅದು ಯಾರಿಗೂ ಬೇಸರವಾಗದಂತೆ ಹೊಸಬನನ್ನೇ ಕರೆದು, ಅಜ್ಜನ ಹೆಸರಿನಲ್ಲಿ ಕೆಲಸ ಮಾಡಿಸಿ ಕಳಿಸಿದೆ. ದಾಳ ಎರಡನೆಯ ಸಲ ಬೇರೆಯಾಗಿ ಉರುಳಿದ್ದರಿಂದ ಅಂಕಿಗಳು ಅಷ್ಟಿಷ್ಟು ಬೇರೆ ಕಂಡು ನಂಬಿಕೆಯೂ ಬಂದಿದೆ. ಒಬ್ಬನೇ ಸಾಕ್ಷಿ ಅಂಗಿ ಬದಲಿಸಿಕೊಂಡು ಎರಡು ಸಲ ಬಂದು ಹೋದ ಹಾಗೆ. ಹೀಗೆ ಮಾಡು ಎಂದು ಅದಕ್ಕೆ ಕಲಿಸಿದವರು ಯಾರು? ಅವಳೇ. ಮೊದಲೆಲ್ಲ ಕೇಳಿದ ಪ್ರೋಗ್ರಾಂ ಸಿಗದಿದ್ದರೆ ಇಂಟರ್‌ಫೇಸ್ ಇಲ್ಲ ಎಂದು ಒರಟಾಗಿ ನಿಂತುಬಿಡುತ್ತಿತ್ತು. ವಿಭಾಗದ ಮುಖ್ಯಸ್ಥರು, ಅವರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು, ಕರೆಸಿ ಹೇಳಿದ್ದರು: "ಏನಮ್ಮಾ ಇದು, ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುತ್ತೆ ನಿನ್ನ ಯಂತ್ರ? ಬಂದವರು ಬೇಜಾರು ಮಾಡ್ಕೊಂಡು ಹೋಗ್ತಾರೆ. ಸ್ವಲ್ಪ ಮೆತ್ತಗೆ ಮಾಡು." ಮೆತ್ತಗೆ ಮಾಡಿದ್ದಳು. ಇಲ್ಲ ಎನ್ನುವುದನ್ನೇ ಮರೆಸಿದ್ದಳು. ಅದನ್ನು ಕಟ್ಟುವಾಗ ತಾನು ಸಣ್ಣಗೆ ಹಾಡು ಗುನುಗುತ್ತಿದ್ದದ್ದು ಕೂಡ ಈಗ ನೆನಪಾಯಿತು.

ಅವಳ ಮೇಜಿನ ಕೆಳಗಿನ ಹಳೇ ಕಂಪ್ಯೂಟರಿನಲ್ಲಿ ಅಜ್ಜ ಇನ್ನೂ ಇದ್ದ. ನಡುವೆ ಯಾರೂ ಬೇಡವೆಂದು, ಇಂಟರ್‌ಫೇಸ್ ಬದಿಗಿಟ್ಟು, ಅಜ್ಜನ ಭಾಷೆಯಲ್ಲೇ, ಅಜ್ಜನ ಸೆಂಟಿಮೀಟರಿನಲ್ಲೇ ಗೋಡೆಯನ್ನು ಬರೆದುಕೊಟ್ಟಳು. ಎಂಥ ಮುಂಗೋಪಿ ಭಾಷೆ ಅದು, ಒಂದು ಖಾಲಿ ಜಾಗ ಹೆಚ್ಚಾದರೂ ಸಿಡುಕುತ್ತದೆ. ಕಂಪ್ಯೂಟರಿನ ಪಂಕ ಕೆಮ್ಮಿತು, ಸುಟ್ಟ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಊಟದ ಹೊತ್ತಿಗೆ ಉತ್ತರ ಬಂತು. ಗೋಡೆಯಾಚೆಯ ವಿಕಿರಣ ಹೊಸಬ ಹೇಳಿದ್ದರ ಎರಡರಷ್ಟು. ಸಣ್ಣ ಓಟ, ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದರೆ ಎರಡರಷ್ಟು ಎಂಬುದು ಹೆಚ್ಚುಕಡಿಮೆಯಲ್ಲಿ ಮುಚ್ಚಿಹೋಗುವಂಥದ್ದಲ್ಲ. ಗೋಡೆ ಇನ್ನೂ ಒಂದು ಮೊಳ ದಪ್ಪ ಬೇಕು. ಅಜ್ಜನೇ ಸರಿ ಎಂದು ಯಾರೂ ಪ್ರಮಾಣ ಮಾಡಲಾರರು, ಆದರೆ ಅಜ್ಜ ಬೇಡ ಎನ್ನುತ್ತಿರುವಾಗ ಅವನು ಹೂಂ ಎಂದನೆಂದು ಬರೆದು ಗೋಡೆ ಕಟ್ಟುವುದು ಯಾವ ನ್ಯಾಯ? ಸುರಿದ ಮೇಲೆ ಅದು ಒಡೆಯುವ ಗೋಡೆಯೂ ಅಲ್ಲ. ಆ ಕಡೆ ಕೂತವರ ಮೈಯೊಳಗೆ ದಿನಾ ಒಂದಿಷ್ಟು ಸದ್ದಿಲ್ಲದೆ ಹಾದುಹೋಗುತ್ತಿರುತ್ತದೆ. ನೋಯುವುದಿಲ್ಲ, ಸುಡುವುದಿಲ್ಲ.

ದೊಡ್ಡವರು ಕಿತ್ತಳೆ ಸುಲಿಯುತ್ತಿದ್ದರು. ತೊಳೆಯ ಮೇಲಿನ ಬಿಳಿ ನಾರನ್ನು ಒಂದೊಂದಾಗಿ ಉಗುರಿನಲ್ಲಿ ಎಳೆದು ಟಿಷ್ಯೂ ಮೇಲೆ ಸಾಲಾಗಿಟ್ಟು, ತೊಳೆಯನ್ನು ಹಿಂಡುವಂತೆ ಹೀರಿ, ಸಿಪ್ಪೆಯನ್ನು ಕೈಗೆ ಉಗುಳಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ಅವಳ ಹೆರಿಗೆಯ ಕಾಲದಲ್ಲಿ ರಜೆ ಹೆಚ್ಚಿಸಿಕೊಟ್ಟವರು. ಮೆಟ್ಟಿಲು ಹತ್ತುವಾಗಲೇ ಅವಳು ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿಕೊಂಡಿದ್ದಳು: ಎರಡನೆಯದು ಓಡಿಲ್ಲ, ಗೋಡೆ ಸಾಲದು. ಬಾಯಿ ತೆರೆದಾಗ ಹೊರಬಂದದ್ದು, "ಸರ್, ಒಂದು ತಮಾಷೆ ಆಯ್ತು. ಅಜ್ಜನ ಬದ್ಲು ಎಮ್ಮೆ ಅಂತ ಬರೆದ್ರೂ ಓಡ್ತಾ ಇದೆ ನಮ್ಮ ಇಂಟರ್‌ಫೇಸು."

"ಅದೇ ಅಲ್ವೇನಮ್ಮಾ ಒಳ್ಳೆ ಇಂಟರ್‌ಫೇಸ್ ಅಂದ್ರೆ!" ಅವರು ನಕ್ಕರು, ಕಿತ್ತಳೆಯ ರಸ ಗಲ್ಲಕ್ಕಿಳಿಯಿತು. "ಯಾರು ಬಂದ್ರೂ ಇಲ್ಲ ಅನ್ನಲ್ಲ."

"ಅಲ್ಲ ಸರ್. ಅಂದ್ರೆ ಈ ಗೋಡೆ ಲೆಕ್ಕದಲ್ಲೂ ಅಜ್ಜ… ಪ್ರಾಯಶಃ ಸರಿಯಾಗಿ ಕೂತಿಲ್ವೇನೋ ಅಂತ. ನನ್ನ ಹಳೇ ಮಿಷನ್ನಲ್ಲಿ ಒಂದ್ಸಲ ನೋಡ್ದೆ. ಸ್ವಲ್ಪ ಜಾಸ್ತಿ ತೋರಿಸ್ತು."

ಸ್ವಲ್ಪ. ಎರಡರಷ್ಟಕ್ಕೆ ಸ್ವಲ್ಪ ಎಂದಿದ್ದಳು. ದೊಡ್ಡವರ ಕೈ ನಿಂತಿತು. ಒಂದೇ ಗಳಿಗೆ. ಆ ಗಳಿಗೆಯಲ್ಲಿ ಅವರ ಕಣ್ಣು ಅವಳ ಕಣ್ಣನ್ನು ಕಂಡು, ಎಲ್ಲವನ್ನೂ ತಿಳಿದು, ಪಕ್ಕಕ್ಕೆ ಸರಿದು, ಮುಂದಿನ ತೊಳೆಯ ಮೇಲೆ ಕೂತಿತು. "ಅಜ್ಜ ಯಾವತ್ತೂ ಜಾಸ್ತೀನೇ ಕಣಮ್ಮ. ವಯಸ್ಸಾದವರಿಗೆ ಭಯ ಜಾಸ್ತಿ. ಇದನ್ನೆಲ್ಲ ಆಮೇಲೆ ಕೂತ್ಕೊಂಡು ನೋಡೋಣ, ಚೆನ್ನಾಗಿ ಒಂದು ಪ್ರಬಂಧ ಬರೆಯೋಣ ಬೇಕಾದ್ರೆ. ನಾಳೆ ಬೆಳಗ್ಗೆ ಲಾರಿ ಬರ್ತಾ ಇವೆ. ಈಗ ಆ ಎಂಜಿನಿಯರ್ ತಲೆಗೆ ಹುಳ ಬಿಡೋದು ಬೇಡ. ಸಭೇಲಿ ನೀನೇ ಮಾತಾಡು. ನಿಂಗೆ ಹೇಳೋ ರೀತಿ ಗೊತ್ತು." ಒಂದು ತೊಳೆಯನ್ನು ಅವಳ ಕಡೆ ಚಾಚಿದರು. ಬೆರಳಿನ ತೇವ ಅಂಟಿದ, ಬೆಚ್ಚಗಿನ ತೊಳೆ. ಬೇಡ ಎನ್ನಬಹುದಿತ್ತು. ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಜಗಿಯದೆ ನುಂಗಿದಳು.

ಸಭೆಯ ಕೋಣೆಯಲ್ಲಿ ಕಿಟಕಿ ತೆರೆಯುವಂತಿರಲಿಲ್ಲ. ಹಿಂದಿನ ಸಭೆಯವರ ಉಸಿರು, ಬೆವರು, ತಿಂಡಿಯ ಎಣ್ಣೆ ಎಲ್ಲ ಕಾರ್ಪೆಟ್ಟಿಗೆ ಇಳಿದು ಅಲ್ಲಿಂದ ಮತ್ತೆ ಏಳುತ್ತಿತ್ತು. ಕಟ್ಟಡದ ಎಂಜಿನಿಯರು ಕೆಸರು ಬೂಟಿನಲ್ಲೇ ಬಂದಿದ್ದ, ಬೂಟು ಕಾಣದಂತೆ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ಕೂತಿದ್ದ. ಯಂತ್ರ ನಡೆಸಲು ನೇಮಕವಾದ ಹೆಂಗಸೊಬ್ಬಳೂ ಬಂದಿದ್ದಳು. ದಪ್ಪ ಕನ್ನಡಕ, ಮಡಿಲಲ್ಲಿ ಚೀಲ. ತಾನು ಕೂರುವ ಜಾಗ ಎಲ್ಲಿ ಬರುತ್ತದೆ ನೋಡಿಕೊಂಡು ಹೋಗೋಣ ಎಂದು ಬಂದೆ, ತಪ್ಪು ತಿಳಿಯಬೇಡಿ ಎಂದಳು. ದೊಡ್ಡವರು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. ಬೆರಳಿನ ತುದಿ ಇನ್ನೂ ಹಳದಿ.

"ಗೋಡೆಗೆ ಬೆನ್ನು ಮಾಡಿ ಕೂರ್ಬೇಕಾ, ಮುಖ ಮಾಡಿಯಾ?" ಕನ್ನಡಕದವಳು ಕೇಳಿದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು, ತಾನು ಏನೋ ದಡ್ಡ ಮಾತಾಡಿದೆ ಎಂಬಂತೆ ಚೀಲವನ್ನು ಅವುಚಿಕೊಂಡಳು.

ಎಂಜಿನಿಯರು ನಗಲಿಲ್ಲ. "ನಂಗೆ ನಿಮ್ಮ ಕಣ ಗಿಣ ಅರ್ಥ ಆಗಲ್ಲ. ದಪ್ಪ ಎಷ್ಟು ಅಂತ ಹೇಳಿದ್ರೆ ಕಟ್ತೀನಿ. ಒಂದೇ ಮಾತು ಕೇಳ್ತೀನಿ, ಈ ಎರಡು ಪ್ರೋಗ್ರಾಮೂ ಬೇರೆಬೇರೆಯವು ತಾನೇ? ಎರಡೂ ಇದೇ ಹೇಳಿವೆ ತಾನೇ?" ಅವನು ಕೇಳಿದ್ದು ದೊಡ್ಡವರನ್ನು. ದೊಡ್ಡವರು ಕೈಯನ್ನು ಅವಳ ಕಡೆ ತೋರಿದರು, ಅತಿಥಿಗೆ ಬಾಗಿಲು ತೋರಿಸುವ ಹಾಗೆ.

ಅವಳು ಬಾಯಿ ತೆರೆದಳು. ಸುಳ್ಳು ಹೇಳುವುದಿಲ್ಲ ಎಂದು ಗಟ್ಟಿಮಾಡಿಕೊಂಡೇ ತೆರೆದಳು. ಮಾತು ತಾನಾಗಿ ದಾರಿ ಹುಡುಕಿಕೊಂಡಿತು. "ಅಜ್ಜನೂ ಹೊಸಬನೂ ಪೂರ್ತಿ ಬೇರೆಬೇರೆ ಪ್ರೋಗ್ರಾಂಗಳು. ಎರಡೂ ಓಟದಲ್ಲೂ ಒಂದೇ ಉತ್ತರ ಬಂದಿದೆ." ಎರಡು ವಾಕ್ಯ. ಒಂದೊಂದನ್ನು ಬಿಡಿಸಿ ನೋಡಿದರೆ ಎರಡೂ ನಿಜ. ಯಾವ ನ್ಯಾಯಾಧೀಶನೂ ಬೆರಳಿಡುವಂತಿಲ್ಲ. ದೊಡ್ಡವರು ತಲೆದೂಗಿದರು, ಒಳ್ಳೆಯ ಆಟ ನೋಡಿದವರಂತೆ. ಎಂಜಿನಿಯರು ಉಸಿರು ಬಿಟ್ಟ. ಕನ್ನಡಕದವಳು ಹೊರಗೆ ಹೋಗುವಾಗ ಅವಳ ಹತ್ತಿರ ಬಂದು ಮೊಣಕೈ ಮುಟ್ಟಿ, "ಮನೇಲಿ ಎಲ್ಲ ಹೆದರಿಸಿಬಿಟ್ಟಿದ್ರು. ನೀವು ಹೇಳಿದ್ಮೇಲೆ ಸಮಾಧಾನ ಆಯ್ತು ನೋಡಿ" ಎಂದಳು. ಮುಟ್ಟಿದ ಜಾಗ ತಣ್ಣಗಿತ್ತು. ಆ ಕೃತಜ್ಞತೆಗಿಂತ ಅವಳು ಮುಖಕ್ಕೆ ಉಗಿದಿದ್ದರೆ ಚೆನ್ನಾಗಿತ್ತು ಎನಿಸಿತು.

ಶೌಚದ ಕೋಣೆಯಲ್ಲಿ ತೊಟ್ಟಿಗೆ ಬಗ್ಗಿ ನಿಂತಳು. ಬರಲಿಲ್ಲ. ಗಂಟಲಿಗೆ ಬೆರಳು ಹಾಕಿದಳು, ಕಣ್ಣಲ್ಲಿ ನೀರು ಬಂತೇ ಹೊರತು ಕಿತ್ತಳೆಯ ತೊಳೆ ಬರಲಿಲ್ಲ. ತೊಟ್ಟಿಯ ತೂತಿನ ಸುತ್ತ ಯಾರದೋ ಕೂದಲು ಸೋಪಿನ ಜೊತೆ ಗಂಟುಕಟ್ಟಿಕೊಂಡಿತ್ತು. ಬೇರೆ ದಿನ ನೋಡದ ಹಾಗೆ ಕೈ ತೊಳೆದು ಹೋಗುತ್ತಿದ್ದಳು. ಚಿಕ್ಕಂದಿನಲ್ಲಿ ಅವ್ವ ಹೇಳುತ್ತಿದ್ದಳು, ನನ್ನ ಮಗಳಿಗೆ ಹೇಸಿಗೆಯೇ ಇಲ್ಲ, ಯಾರ ವಾಂತಿ ಬೇಕಾದರೂ ಬಳಿಯುತ್ತಾಳೆ ಎಂದು, ನೆಂಟರ ಮುಂದೆ, ಹೆಮ್ಮೆಯಿಂದ. ಬಳಿಯುತ್ತ ಬಳಿಯುತ್ತಲೇ ಇಷ್ಟು ದೊಡ್ಡವಳಾಗಿದ್ದಾಳೆ. ಕನ್ನಡಿಯಲ್ಲಿ ಕಂಡ ಬಾಯಿ ಎಷ್ಟು ಚೆನ್ನಾಗಿತ್ತು! ಸಣ್ಣ ತುಟಿ, ಎರಡೂ ಕಡೆಗೆ ನಗು ಮೂಡುವ ಗೆರೆ. ಆ ಬಾಯಿಯನ್ನು ಪಾತ್ರೆಯಂತೆ ಹುಳಿ ಹಾಕಿ ತಿಕ್ಕಬೇಕೆನಿಸಿತು. ಆಗ ಫೋನು ಬಡಿದುಕೊಂಡಿತು. ಮಾವ.

"ಕೇಳಿಲ್ಲಿ ಮಗಳೇ, ಆ ಅಯೋಗ್ಯನಿಗೆ ಹೇಳು, ಅಡಿಗೆಮನೆ ನಲ್ಲಿ ಸೋರ್ತಾ ಇದೆ, ಬೆಳಗ್ಗಿಂದ ತಟತಟ ಅಂತ. ಕಣ್ಣು ಕಾಣಲ್ವಾ ಅವನಿಗೆ?"

"ಮಾವಾ, ಅವರ ಬಾಗ್ಲು ಅಲ್ಲೇ ಇದೆ. ನೀವೇ ಹೋಗಿ ಹೇಳಿ."

ಆ ಕಡೆ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಆಮೇಲೆ ಮಾವ, ಅವಳು ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ, "ನಂಗೆ ನಿನ್ನ ಹಾಗೆ ಹೇಳೋಕೆ ಬರಲ್ವಲ್ಲಮ್ಮಾ" ಎಂದರು. "ನಾನು ಬೈದಿದ್ದನ್ನ ನೀನು ಅಲ್ಲಿ ಹೋಗಿ ಏನೇನೋ ಒಳ್ಳೇದು ಮಾಡಿ ಹೇಳ್ತೀಯ. ಗೊತ್ತು ನಂಗೆ. ಅವನಿಗೂ ಗೊತ್ತು. ಇಷ್ಟು ವರ್ಷ ಅದರಲ್ಲೇ ನಡೀತಾ ಇದೆ, ನಡೀಲಿ ಬಿಡು."

ಗೊತ್ತು. ಎಲ್ಲರಿಗೂ ಗೊತ್ತು. ಅವಳು ಗೋಡೆಗೆ ಒರಗಿದಳು, ಅಂಚಿನ ಟೈಲಿನಿಂದ ನೀರು ಬೆನ್ನಿಗೆ ಇಳಿಯಿತು. ಮೋಸ ಹೋದವರು ಯಾರೂ ಇರಲಿಲ್ಲ ಹಾಗಾದರೆ. ಅವಳ ಬೆಣ್ಣೆಮಾತಿನಿಂದ ಮನೆ ನಿಂತಿದೆ ಎಂದು ಅವಳು ಅಂದುಕೊಂಡಿದ್ದಳು. ಆ ಮಾತು ಇರುವುದರಿಂದಲೇ ಇಬ್ಬರು ಗಂಡಸರು ಪರಸ್ಪರ ಒಂದು ಒಳ್ಳೆಯ ಮಾತು ಆಡುವ ಕಷ್ಟ ತೆಗೆದುಕೊಳ್ಳದೆ, ಬೈದುಕೊಂಡು ಸುಖವಾಗಿ ಮುದುಕರಾಗುತ್ತಿದ್ದರು. ದೊಡ್ಡವರಿಗೂ ಗೊತ್ತು. ಕಿತ್ತಳೆ ಹಿಡಿದ ಕೈ ನಿಂತ ಆ ಗಳಿಗೆಯಲ್ಲಿ ಎಲ್ಲ ಗೊತ್ತಾಗಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರಬೇಕಾದರೆ ನಡುವೆ ಒಬ್ಬಳು ಬೇಕು, ಅಷ್ಟೇ. ಗೊತ್ತಿಲ್ಲದವಳು ಒಬ್ಬಳೇ, ಆ ಕನ್ನಡಕದವಳು. ಗೋಡೆಗೆ ಬೆನ್ನು ಮಾಡಿ ಕೂರುವವಳು. "ಮಾವಾ, ನಲ್ಲಿ ಸೋರಿದ್ರೆ ಸೋರಲಿ" ಎಂದು ಫೋನಿಟ್ಟಳು. ಅಯ್ಯೋ ಹೀಗಂದುಬಿಟ್ಟೆನಲ್ಲ ಎಂದು ಮತ್ತೆ ಹಚ್ಚಲು ಹೋಗಿ, ಬಿಟ್ಟಳು.

ಕಟ್ಟುವ ಜಾಗಕ್ಕೆ ಹೋಗುವ ದಾರಿ ಕ್ಯಾಂಟೀನಿನ ಹಿಂದಿನಿಂದ. ಕೊಳೆತ ತರಕಾರಿ ಸಿಪ್ಪೆಯ ಡಬ್ಬಗಳು, ಅದರ ಮೇಲೆ ನೊಣ, ಸಿಗರೇಟು ತುಂಡುಗಳು; ಕೆಸರಿನ ಮೇಲೆ ಹಲಗೆ ಹಾಸಿದ್ದರು. ಅವಳು ಅದರ ಮೇಲೆ ಸೀರೆ ಎತ್ತಿಕೊಂಡು ನಡೆದಳು. ನಡೆಯುವಾಗಲೂ ಹೇಗೆ ಹೇಳಲಿ, ಹೇಗೆ ಶುರು ಮಾಡಲಿ ಎಂದೇ ತಲೆ ಹೊಸೆಯುತ್ತಿತ್ತು; ಆ ಹೊಸೆಯುವಿಕೆಯೇ ಅವಳಿಗೆ ಅಸಹ್ಯವಾಯಿತು. ಗೋಡೆಯ ಅಚ್ಚಿನ ಹಲಗೆಗಳು ನಿಂತಿದ್ದವು, ಎರಡು ಸಾಲು, ನಡುವೆ ಕಬ್ಬಿಣದ ಸರಳುಗಳ ಕಾಡು, ಹಲಗೆಗೆ ಬಳಿದ ಎಣ್ಣೆಯ ಕಮಟು. ಹಲಗೆಯಿಂದ ಹಲಗೆಗೆ ಕಣ್ಣಲ್ಲೇ ಅಳೆದಳು. ಲೆಕ್ಕದಲ್ಲಿ ದಿನಾ ನೋಡಿದ ದಪ್ಪ. ಕಣ್ಣಿಗೆ ಸಾಕಷ್ಟಿದೆ ಎಂದೇ ಕಂಡಿತು, ಬೇಕಾದಷ್ಟಿದೆ. ಇಲ್ಲಿಂದಲೇ ಹಿಂದೆ ಹೋಗಿಬಿಡಬಹುದು, ಸಂಜೆಯ ಗಾಳಿಗೆ ಬಂದಿದ್ದೆ ಎಂದರೆ ಆಯಿತು.

ಎಂಜಿನಿಯರು ಸರಳಿಗೆ ತಂತಿ ಬಿಗಿಯುವವರಿಗೆ ಏನೋ ಕೂಗಿ ಹೇಳುತ್ತಿದ್ದವನು ತಿರುಗಿ, "ಏನ್ ಮೇಡಂ, ನೋಡೋಕ್ ಬಂದ್ರಾ? ನಾಳೆ ಬನ್ನಿ, ಚೆನ್ನಾಗಿರುತ್ತೆ" ಎಂದ.

"ಅಜ್ಜ ಓಡೇ ಇಲ್ಲ" ಎಂದಳು.

"ಯಾವ ಅಜ್ಜ?"

"ಎರಡನೇ ಪ್ರೋಗ್ರಾಮು. ಅದು ಆ ಕಂಪ್ಯೂಟರಲ್ಲಿ ಇಲ್ಲವೇ ಇಲ್ಲ. ಮೊದಲನೇದನ್ನೇ ಎರಡು ಸಲ ಓಡಿಸಿ ಎರಡು ಅಂದಿದ್ದೀವಿ. ಬೆಳಗ್ಗೆ ನಾನೇ ಓಡಿಸಿ ನೋಡ್ದೆ. ಆಚೆ ಕಡೆ ಎರಡರಷ್ಟು ಬರುತ್ತೆ. ಈ ಗೋಡೆ ಸಾಲದು. ನಾಳೆ ಕಾಂಕ್ರೀಟ್ ಹಾಕಬೇಡಿ." ಮಾತುಗಳು ಕಲ್ಲಿನಂತೆ ಒಂದೊಂದಾಗಿ ಬಿದ್ದವು, ಯಾವುದಕ್ಕೂ ಯಾವುದೂ ಅಂಟಿಕೊಂಡಿರಲಿಲ್ಲ.

ಅವನು ಅವಳ ಬಾಯಿಯನ್ನೇ ನೋಡಿದ. "ಮಧ್ಯಾಹ್ನ ನೀವೇ ಅಲ್ವಾ ಮೇಡಂ ಹೇಳಿದ್ದು?"

"ಹೌದು. ಬೇಕಂತಲೇ ಹಾಗೆ ಹೇಳ್ದೆ."

ಎಂಜಿನಿಯರು ಟೋಪಿ ತೆಗೆದು ತಲೆ ಕೆರೆದುಕೊಂಡ, ಬೆವರಿಗೆ ಕೂದಲು ಬುರುಡೆಗೆ ಅಂಟಿತ್ತು. ಬಯ್ಯುತ್ತಾನೆ ಎಂದುಕೊಂಡಳು. ಬೈಯಲಿ ಎಂದು ಆಸೆಪಟ್ಟಳು. ಅವನು ಒಂದು ಹೆಜ್ಜೆ ಹತ್ತಿರ ಬಂದು, ಕೆಲಸದವರಿಗೆ ಕೇಳದ ಹಾಗೆ ದನಿ ತಗ್ಗಿಸಿದ. "ಸರಿ, ನಿಲ್ಲಿಸ್ಬೇಕು ಅಂದ್ರೆ ನಿಲ್ಲಿಸೋಣ. ಆದ್ರೆ ಮೇಲಿನವರಿಗೆ ಹೀಗೇ ಹೇಳಕ್ಕಾಗುತ್ತಾ? ನನ್ನ ತಲೆ ಹೋಗುತ್ತೆ, ನಿಮ್ಮದೂ ಹೋಗುತ್ತೆ. ನೀವೇ ಒಂದು ಒಳ್ಳೆ ಮಾತು ಹೇಳಿಕೊಡಿ. ನಿಮಗೆ ಅದು ಚೆನ್ನಾಗಿ ಬರುತ್ತಂತಲ್ಲ."

ಬರುತ್ತಿತ್ತು. ಕೇಳುವುದರೊಳಗೆ ನಾಲಗೆಯ ಮೇಲೆ ಬಂದು ಕೂತಿತ್ತು: ಹೆಚ್ಚಿನ ಸುರಕ್ಷತೆಯ ದೃಷ್ಟಿಯಿಂದ ಒಂದು ಮರುಪರಿಶೀಲನೆ ಸೂಕ್ತವೆಂದು ತೋರುತ್ತದೆ. ನುಣುಪಾದ ವಾಕ್ಯ, ಎಲ್ಲೂ ಅಂಚಿಲ್ಲ, ಯಾರ ಕೈಯಿಂದ ಬೇಕಾದರೂ ಜಾರಿಹೋಗುತ್ತದೆ. ಯಾರೋ ಜಗಿದು ಕೊಟ್ಟದ್ದನ್ನು ಬಾಯಲ್ಲಿ ಇಟ್ಟುಕೊಂಡಂತಾಯಿತು ಅವಳಿಗೆ. ಪಕ್ಕಕ್ಕೆ ತಿರುಗಿ ಮರಳಿನ ಗುಡ್ಡೆಯ ಮೇಲೆ ಉಗುಳಿದಳು. ತಂತಿ ಬಿಗಿಯುವವನೊಬ್ಬ ಕೈ ನಿಲ್ಲಿಸಿ ನೋಡಿದ. ಇಷ್ಟು ವಯಸ್ಸಿಗೆ ಹೊರಗೆಲ್ಲೂ ಉಗುಳಿದವಳಲ್ಲ.

"ನಂಗೆ ಬರಲ್ಲ" ಎಂದಳು. "ಈಗಲೇ ದೊಡ್ಡವರಿಗೆ ಫೋನ್ ಹಚ್ಚಿ."

ಅವನು ಹಚ್ಚಿದ. ಆ ಕಡೆಯಿಂದ ದೊಡ್ಡವರ ದನಿ, ತೃಪ್ತಿಯ ದನಿ, ಹೇಳಿ ಹೇಳಿ ಎನ್ನುವುದು ಅವಳಿಗೂ ಕೇಳಿಸಿತು. ಎಂಜಿನಿಯರು ಗಂಟಲು ಸರಿಮಾಡಿಕೊಂಡ, ಮುಖದ ಮೇಲೆ ಒಂದು ನಗು ತಂದುಕೊಂಡ, ಎದುರಿಗೆ ಯಾರೂ ಇಲ್ಲದಿದ್ದರೂ ಸ್ವಲ್ಪ ಬಗ್ಗಿದ. "ಸರ್, ಏನಿಲ್ಲ, ಒಂದು ಸಣ್ಣ ವಿಷಯ ಇತ್ತು…"

ಅವಳು ಫೋನನ್ನು ಅವನ ಕೈಯಿಂದ ಕಿತ್ತುಕೊಂಡಳು. ಅವನ ಕೆನ್ನೆಯ ಬೆವರಿನಿಂದ ಅದು ಒದ್ದೆಯಾಗಿತ್ತು, ಬೆಚ್ಚಗಿತ್ತು. ಹಾಗೆಯೇ ಕಿವಿಗೆ ಒತ್ತಿಕೊಂಡಳು.

"ಸಣ್ಣದಲ್ಲ ಸರ್" ಎಂದಳು.